ದಿವಂಗತ ಗೋಖಲೆಯವರೂ ಬಡವರ ಮಕ್ಕಳ ವಿದ್ಯೆಯೂ

ಗೋಪಾಲಕೃಷ್ಣ ಗೋಖಲೆಯವರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಮಹಾತ್ಮಾ ಗಾಂಧಿಯವರು ಅವರನ್ನು ತಮ್ಮ ರಾಜಕೀಯ ಗುರುವೆಂದು ಭಾವಿಸಿದ್ದರು. ಪರೀಕ್ಷೆಯಲ್ಲಿ ಎರಡು ಅಂಕಗಳಿಗೆ ಅಷ್ಟು ತಿಳಿದಿದ್ದರೆ ಸಾಕು. ಮಂದಗಾಮಿಗಳ ನಾಯಕರು, ಭಾರತ ಸೇವಕ ಸಂಘದ ಸ್ಥಾಪಕರು ಎಂದು ಇನ್ನೆರಡು ಮಾತು ಸೇರಿಸಿದರೆ ನಾಲ್ಕು ಅಂಕಗಳೂ ಬಂದಾವು. ಆದರೆ ಅವರ ಬಾಳಿನ ಕೊನೆಯ ಭಾಗವನ್ನು ಬಹುವಾಗಿ ತೆಗೆದುಕೊಂಡ ಕೆಲಸವೊಂದುಂಟು. ಅದು ಸೋತ ಕೆಲಸವಾದ್ದರಿಂದಲೋ ಏನೋ, ಪಠ್ಯಪುಸ್ತಕಗಳಲ್ಲಿ ಅದಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚಿನ ಸ್ಥಳ ದೊರೆತಿಲ್ಲ. ದೇಶದ ಮಕ್ಕಳಿಗೆಲ್ಲ ಸರ್ಕಾರವು ಏನನ್ನು ಒದಗಿಸತಕ್ಕದ್ದು ಎಂಬ ಪ್ರಶ್ನೆಗೆ ಅವರು ಕಾನೂನಿನ ರೂಪದಲ್ಲಿ ಉತ್ತರ ಬರೆದರು. ಈ ಸಂಚಿಕೆಗೆ ಲೇಖನ ಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿಗಳು ಕೇಳಿದಾಗ ನನಗೆ ಮೊದಲು ನೆನಪಾದುದು ಆ ಉತ್ತರವೇ.

ಗೋಖಲೆಯವರು 1866ನೆಯ ಇಸವಿ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಲೂಕ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆ ಕೃಷ್ಣರಾಯರು ಕೊಲ್ಹಾಪುರಕ್ಕೆ ಸಮೀಪದ ಕಾಗಲ್ ಜಹಗೀರಿನಲ್ಲಿ ಸಣ್ಣ ನೌಕರಿ ಮಾಡಿಕೊಂಡಿದ್ದರು. ಕಾಗಲ್ ನಮಗೆ ದೂರದ ಊರೇನೂ ಅಲ್ಲ. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೋಗುವವರು ನಿಪ್ಪಾಣಿ ದಾಟಿದ ಸ್ವಲ್ಪ ಹೊತ್ತಿಗೆ ಆ ಊರನ್ನು ಕಾಣುತ್ತಾರೆ. 1879ರಲ್ಲಿ ತಂದೆ ತೀರಿಕೊಂಡರು. ಆಗ ಗೋಪಾಲನಿಗೆ 13 ವರ್ಷ, ಅಣ್ಣ ಗೋವಿಂದನಿಗೆ 18. ಅಣ್ಣನೂ ಓದುತ್ತಿದ್ದವನೇ. ಮನೆಯ ಭಾರ ತಲೆಯ ಮೇಲೆ ಬಿದ್ದೊಡನೆ ಅವನು ಓದನ್ನು ಬಿಟ್ಟು ಕಾಗಲ್‌ನಲ್ಲಿ ತಿಂಗಳಿಗೆ 15 ರೂಪಾಯಿ ಸಂಬಳದ ಕೆಲಸ ಹಿಡಿದನು. ಆ 15ರಲ್ಲಿ 8 ರೂಪಾಯಿಗಳನ್ನು ಕೊಲ್ಹಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳುಹಿಸುತ್ತಿದ್ದನು; ಉಳಿದ 7 ರೂಪಾಯಿಗಳಲ್ಲಿ ಮನೆಮಂದಿಯೆಲ್ಲ ದಿನ ತಳ್ಳಬೇಕಾಗಿತ್ತು. ತಮ್ಮನಾದರೋ ಕೈಯಡಿಗೆ ಮಾಡಿಕೊಂಡು, ದೀಪದ ಎಣ್ಣೆ ಉಳಿಸುವುದಕ್ಕಾಗಿ ಬೀದಿಯ ಕಂದೀಲಿನ ಕೆಳಗೆ ಓದುತ್ತಿದ್ದನೆಂದು ಹೇಳುತ್ತಾರೆ. ಬೀದಿ ದೀಪದ ಈ ಕತೆ ನಮ್ಮ ದೇಶದ ಮಹಾಪುರುಷರಲ್ಲಿ ಇನ್ನೂ ಹಲವರ ವಿಷಯದಲ್ಲಿ ಪ್ರಚಾರದಲ್ಲಿರುವುದರಿಂದ ಅದನ್ನು ನಾನು ಒತ್ತಿ ಹೇಳುವುದಿಲ್ಲ. ಆದರೆ 8 ರೂಪಾಯಿ ಮತ್ತು 7 ರೂಪಾಯಿಗಳ ಲೆಕ್ಕವನ್ನು ಮರೆಯತಕ್ಕದ್ದಲ್ಲ.

ಜೀವನಚರಿತ್ರೆ ಬರೆದವರೆಲ್ಲ ಗೋವಿಂದರಾಯರ ತ್ಯಾಗವನ್ನು ಕೊಂಡಾಡಿದ್ದಾರೆ. ಕೊಂಡಾಡಬೇಕಾದುದೇ. ಆದರೂ ನನಗೆ ಒಂದು ಸಂದೇಹ. ಒಬ್ಬ ಮಗ ಓದಬೇಕಾದರೆ ಇನ್ನೊಬ್ಬ ಮಗ ಓದು ಬಿಡಬೇಕೆಂಬ ಏರ್ಪಾಟು ಎಂಥ ಏರ್ಪಾಟು? ಗೋಪಾಲನಷ್ಟೇ ಬುದ್ಧಿ ಗೋವಿಂದನಿಗೆ ಇತ್ತೋ ಇಲ್ಲವೋ ಎಂಬುದನ್ನು ಪರೀಕ್ಷಿಸಿ ನೋಡುವ ಅವಕಾಶವೇ ಯಾರಿಗೂ ಸಿಕ್ಕಲಿಲ್ಲ. ಪ್ರವೇಶದ ದಿನಗಳಲ್ಲಿ ಅರ್ಜಿಗಳನ್ನು ನೋಡಿ, ಹುಡುಗ ಹುಡುಗಿಯರನ್ನು ನಾಲ್ಕು ಮಾತು ವಿಚಾರಿಸುವ ಕೆಲಸ ನನ್ನ ಪಾಲಿಗೂ ಬರುವುದುಂಟು. ಗೋವಿಂದರಾಯರು ನಮ್ಮ ತಾಲ್ಲೂಕುಗಳಲ್ಲಿ ಇಂದಿಗೂ ಇದ್ದಾರೆ. ಬಹುಮಟ್ಟಿಗೆ ಅವರು ಈಗ ಅಕ್ಕಂದಿರು. ತಮ್ಮನ ಶುಲ್ಕದ ಹಣ ಅಕ್ಕನ ಗಾರ್ಮೆಂಟ್ಸ್ ಸಂಬಳದಿಂದ ಬಂದುದೆಂದು ತಿಳಿದಾಗ, ಅವಳು ಎಷ್ಟನೆಯ ತರಗತಿಗೆ ಬಿಟ್ಟಳೆಂದು ಕೇಳುತ್ತೇನೆ. ಉತ್ತರ ಬೇರೆ ಬೇರೆಯಾಗಿರುತ್ತದೆ. ಕಾರಣ ಮಾತ್ರ ಒಂದೇ.

ಇರಲಿ. ಗೋಪಾಲರಾಯರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿಯೂ ಅನಂತರ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿಯೂ ಓದಿ 1884ರಲ್ಲಿ ಬಿ.ಎ. ಪದವೀಧರರಾದರು. ಆ ಕಾಲದಲ್ಲಿ ಪದವೀಧರನಿಗೆ ಸರ್ಕಾರದ ಬಾಗಿಲು ತಾನಾಗಿ ತೆರೆಯುತ್ತಿತ್ತು. ವಕೀಲಿಯಲ್ಲಂತೂ ಹಣದ ಹೊಳೆ. ಮನೆಯವರ ಕಷ್ಟವನ್ನು ನೋಡಿದ ಯಾರಾದರೂ ಆ ಕಡೆಗೇ ಹೋಗುತ್ತಿದ್ದರು. ಇವರು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ತಿಂಗಳಿಗೆ 35 ರೂಪಾಯಿಗೆ ಉಪಾಧ್ಯಾಯರಾದರು. ಆ ಶಾಲೆಯನ್ನು 1880ರಲ್ಲಿ ಚಿಪಳೂಣಕರ, ತಿಲಕ ಮೊದಲಾದವರು ಆರಂಭಿಸಿದ್ದರು. ಆಗರಕರರೂ ಬೇಗನೆ ಬಂದು ಸೇರಿದರು. 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು ಹುಟ್ಟಿದವು. 20 ವರ್ಷ ದುಡಿಯುತ್ತೇನೆ, 75 ರೂಪಾಯಿ ಸಂಬಳಕ್ಕಿಂತ ಹೆಚ್ಚನ್ನು ಬಯಸುವುದಿಲ್ಲ ಎಂದು ವಚನ ಕೊಟ್ಟವರು ಮಾತ್ರ ಆ ಸೊಸೈಟಿಯ ಆಜೀವ ಸದಸ್ಯರು. ಗೋಖಲೆಯವರು ಆ ವಚನ ಕೊಟ್ಟರು, 1902ರವರೆಗೆ ಅಲ್ಲಿಯೇ ಸವೆದರು. ಇಂಗ್ಲಿಷ್, ಗಣಿತ, ಚರಿತ್ರೆ, ಅರ್ಥಶಾಸ್ತ್ರ, ಯಾವ ವಿಷಯಕ್ಕೆ ಅಧ್ಯಾಪಕರು ಬೇಕೋ ಆ ವಿಷಯವನ್ನು ಪಾಠ ಹೇಳಿದರು. ಸಹೋದ್ಯೋಗಿಯೊಬ್ಬರೊಡನೆ ಸೇರಿ ಅವರು ಸಿದ್ಧಪಡಿಸಿದ ಅಂಕಗಣಿತದ ಪುಸ್ತಕವು ಭಾರತದ ಹಲವು ಭಾಷೆಗಳಿಗೆ ಹೋಗಿ ಎಷ್ಟೋ ತಲೆಮಾರುಗಳ ಹುಡುಗರನ್ನು ಕಾಡಿತು. ರಜೆಯ ದಿನಗಳಲ್ಲಿ ಕಾಲೇಜಿನ ಕಟ್ಟಡಕ್ಕಾಗಿ ಊರೂರು ತಿರುಗಿ ಚಂದಾ ಎತ್ತುವ ಕೆಲಸವೂ ಅವರದೇ. ಚಂದಾ ಎತ್ತಿದವರಿಗೇ ಅದರ ಅವಮಾನಗಳು ಗೊತ್ತು.

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಅವರ ನಿಜವಾದ ವಿಶ್ವವಿದ್ಯಾನಿಲಯ. ಸರ್ಕಾರದ ವರದಿಗಳನ್ನು, ಆಯವ್ಯಯದ ಪಟ್ಟಿಗಳನ್ನು, ಒಣ ಅಂಕಿಗಳನ್ನು ಸಾಲು ಸಾಲಾಗಿ ಓದಿ ಅವುಗಳ ಹಿಂದಿರುವ ಮನುಷ್ಯರನ್ನು ಕಾಣುವ ವಿದ್ಯೆಯನ್ನು ಅವರು ರಾನಡೆಯವರ ಬಳಿ ಕಲಿತರು. 1899ರಲ್ಲಿ ಮುಂಬಯಿ ಶಾಸನಸಭೆ, ಬಳಿಕ ಕಲ್ಕತ್ತೆಯ ವೈಸರಾಯರ ಶಾಸನಸಭೆ, 1905ರಲ್ಲಿ ಕಾಶಿಯ ಕಾಂಗ್ರೆಸ್ಸಿನ ಅಧ್ಯಕ್ಷತೆ, ಅದೇ ವರ್ಷ ಭಾರತ ಸೇವಕ ಸಂಘದ ಸ್ಥಾಪನೆ: ಇವೆಲ್ಲ ಪ್ರಸಿದ್ಧ ಸಂಗತಿಗಳು, ಇಲ್ಲಿ ಬೆಳೆಸುವುದಿಲ್ಲ.

ಈಗ ಆ ಅಂಕಿಗಳ ಮಾತು. 1904ರಲ್ಲಿ ಕರ್ಜನ್ ಸರ್ಕಾರವೇ ತನ್ನ ವಿದ್ಯಾಭ್ಯಾಸದ ನಿರ್ಣಯದಲ್ಲಿ ಕೆಲವು ಸಂಗತಿಗಳನ್ನು ಒಪ್ಪಿಕೊಂಡಿತ್ತು. ಐದು ಹಳ್ಳಿಗಳಲ್ಲಿ ನಾಲ್ಕಕ್ಕೆ ಶಾಲೆಯಿಲ್ಲ. ನಾಲ್ವರು ಹುಡುಗರಲ್ಲಿ ಮೂವರು ಅಕ್ಷರವಿಲ್ಲದೆ ಬೆಳೆಯುತ್ತಾರೆ. ಶಾಲೆಯ ಮುಖ ನೋಡುವ ಹುಡುಗಿ 40ರಲ್ಲಿ ಒಬ್ಬಳು. 1911ರ ಜನಗಣತಿಯಲ್ಲಿ ನೂರಕ್ಕೆ ಸುಮಾರು 6 ಜನ ಮಾತ್ರ ಅಕ್ಷರಸ್ಥರು. ಹೆಂಗಸರಲ್ಲಿ ನೂರಕ್ಕೆ ಒಬ್ಬಳು. ಇತ್ತ ಇಂಗ್ಲೆಂಡಿನಲ್ಲಿ 1870ರ ಕಾನೂನಿನಿಂದ ಆರಂಭಿಸಿ, 1880ರಲ್ಲಿ ಕಡ್ಡಾಯವನ್ನೂ 1891ರಲ್ಲಿ ಶುಲ್ಕ ವಿನಾಯಿತಿಯನ್ನೂ ತಂದು, ಪ್ರತಿಯೊಂದು ಮಗುವನ್ನೂ ಶಾಲೆಗೆ ಕರೆಯಲಾಗಿತ್ತು. ತನ್ನ ಮನೆಯಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಏಕೆ ಮಾಡಬಾರದು ಎಂಬುದು ಗೋಖಲೆಯವರ ಸರಳವಾದ ಪ್ರಶ್ನೆ. ಆಂಗ್ಲರ ದೇಶದ ಮಾತು ಬೇಡವೆಂದರೆ ಅವರ ಬಳಿ ಬರೋಡಾ ಸಂಸ್ಥಾನವಿತ್ತು. ಅಲ್ಲಿ ಸಯಾಜಿರಾವ್ ಗಾಯಕವಾಡ ಮಹಾರಾಜರು 1893ರಲ್ಲಿ ಅಮರೇಲಿಯ ಕೆಲವು ಹಳ್ಳಿಗಳಲ್ಲಿ ಪ್ರಯೋಗ ಮಾಡಿ ನೋಡಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ಕಡ್ಡಾಯ ವಿದ್ಯಾಭ್ಯಾಸವನ್ನು ವಿಸ್ತರಿಸಿದ್ದರು. ನಮ್ಮವರೇ ಆದ ಒಬ್ಬ ರಾಜರಿಗೆ ಸಾಧ್ಯವಾದುದು ಚಕ್ರಾಧಿಪತ್ಯಕ್ಕೆ ಅಸಾಧ್ಯವೆ?

1910ರ ಮಾರ್ಚಿಯಲ್ಲಿ ಅವರು ಒಂದು ನಿರ್ಣಯವನ್ನು ಸಭೆಯ ಮುಂದಿಟ್ಟರು. ಸರ್ಕಾರವು ಆಲೋಚಿಸುವುದಾಗಿ ಹೇಳಿದ್ದರಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡರು. 1911ರ ಮಾರ್ಚ್ 16ರಂದು ಮಸೂದೆಯನ್ನೇ ತಂದರು. ಆ ಮಸೂದೆಯನ್ನು ಓದಿದವರಿಗೆ ಮೊದಲು ಅಚ್ಚರಿಯಾಗುವುದು ಅದರ ದೊಡ್ಡತನದಿಂದಲ್ಲ, ಸಣ್ಣತನದಿಂದ. 6ರಿಂದ 10 ವರ್ಷದ ಗಂಡುಮಕ್ಕಳಿಗೆ ನಾಲ್ಕು ವರ್ಷದ ಓದು. ಅದೂ ಎಲ್ಲೆಡೆಯಲ್ಲ. ಆಗಲೇ ಮಕ್ಕಳಲ್ಲಿ ಒಂದು ನಿಗದಿಯಾದ ಪ್ರಮಾಣ ಶಾಲೆಗೆ ಹೋಗುತ್ತಿರುವ ಊರುಗಳಲ್ಲಿ, ಆ ಊರಿನ ಪುರಸಭೆಯೋ ಜಿಲ್ಲಾ ಬೋರ್ಡೋ ತಾನೇ ಇಷ್ಟಪಟ್ಟರೆ, ಸರ್ಕಾರದ ಒಪ್ಪಿಗೆ ದೊರೆತರೆ, ಆಗ ಮಾತ್ರ ಕಡ್ಡಾಯ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯವಿರುವ ತಂದೆ ಶುಲ್ಕ ಕೊಡಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಮುಂದೆ ವಿಸ್ತರಿಸಬಹುದು. ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದು ಎಂಬುದು ಅವರ ಮನಸ್ಸಿನಲ್ಲಿದ್ದ ಲೆಕ್ಕ. ಹಣ ಎಲ್ಲಿಂದ ಎಂದವರಿಗೆ, ಆಮದು ಸುಂಕವನ್ನು ನೂರಕ್ಕೆ 5ರಿಂದ ಏಳೂವರೆಗೆ ಏರಿಸಿದರಾಯಿತೆಂದು ತೋರಿಸಿಕೊಟ್ಟರು. ಅಂಕಗಣಿತದ ಮೇಷ್ಟರಲ್ಲವೆ!

ಇಷ್ಟು ಕಡಮೆ ಕೇಳಿದ್ದೇಕೆ? ಹೆಚ್ಚು ಕೇಳಿದರೆ ಏನೂ ದೊರೆಯದೆಂಬ ಭಯ ಒಂದು. ಕಾನೂನಿನ ಪುಸ್ತಕದಲ್ಲಿ ಆ ಒಂದು ತತ್ತ್ವ ಸೇರಿಬಿಟ್ಟರೆ ಸಾಕು, ಮಿಕ್ಕುದು ತಾನಾಗಿ ಬೆಳೆಯುತ್ತದೆಂಬ ನಂಬಿಕೆ ಇನ್ನೊಂದು. ಆ ತತ್ತ್ವವಾದರೂ ಯಾವುದು? ಮಗುವಿನ ಓದು ತಂದೆಯ ಕೃಪೆಯಲ್ಲ, ಅಣ್ಣನ ತ್ಯಾಗವಲ್ಲ, ದಾನಿಯ ಧರ್ಮವೂ ಅಲ್ಲ. ಅದು ರಾಜ್ಯದ ಕರ್ತವ್ಯ ಎಂಬುದು. ಪುಣೆಯಲ್ಲಿ ಈ ಮಾತು ಹೊಸದಾಗಿರಲಿಲ್ಲ. 1882ರಲ್ಲಿ ಮಹಾತ್ಮಾ ಜೋತಿರಾವ್ ಫುಲೆಯವರು ಹಂಟರ್ ಆಯೋಗಕ್ಕೆ ಬರೆದುಕೊಟ್ಟ ಹೇಳಿಕೆಯಲ್ಲಿ, ಕನಿಷ್ಠ 12 ವರ್ಷದವರೆಗಿನ ಓದು ಕಡ್ಡಾಯವಾಗಬೇಕೆಂದೂ, ರೈತನ ಕಂದಾಯವೆಲ್ಲ ಮೇಲಿನವರ ಉಚ್ಚ ಶಿಕ್ಷಣಕ್ಕೆ ಹೋಗುತ್ತಿದೆಯೆಂದೂ ಸ್ಪಷ್ಟವಾಗಿ ಹೇಳಿದ್ದರು. ಫುಲೆಯವರು ಕೇಳಿದ್ದು ಗೋಖಲೆಯವರು ಕೇಳಿದ್ದಕ್ಕಿಂತ ಎರಡು ವರ್ಷ ಹೆಚ್ಚು, ಕೇಳಿದ ಕಾಲವೂ 29 ವರ್ಷ ಮೊದಲು. ಇಬ್ಬರಿಗೂ ಸಲ್ಲಬೇಕಾದುದನ್ನು ಸಲ್ಲಿಸಬೇಕಾದರೆ ಇದನ್ನು ಮರೆಯಬಾರದು. ಗೋಖಲೆಯವರು ಮಾಡಿದ್ದೇನೆಂದರೆ, ಬೀದಿಯ ಕೂಗನ್ನು ಶಾಸನಸಭೆಯ ಮೇಜಿನ ಮೇಲೆ ಕಲಮು ಕಲಮಾಗಿ ಬರೆದಿಟ್ಟದ್ದು.

ಮಸೂದೆ ಒಂದು ವರ್ಷ ದೇಶವನ್ನೆಲ್ಲ ಸುತ್ತಿತು. ಪ್ರಾಂತಗಳ ಸರ್ಕಾರಗಳು ಅಭಿಪ್ರಾಯ ಬರೆದವು. 1912ರ ಮಾರ್ಚ್ 18 ಮತ್ತು 19ರಂದು ಸಭೆಯಲ್ಲಿ ಚರ್ಚೆ ನಡೆಯಿತು. ಆಗ ಕೇಳಿಬಂದ ಆಕ್ಷೇಪಣೆಗಳನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಏಕೆಂದರೆ ಅವು ಇನ್ನೂ ಸತ್ತಿಲ್ಲ. ಜನರೇ ಇದನ್ನು ಬೇಡುತ್ತಿಲ್ಲವಲ್ಲ ಎಂದರು ಕೆಲವರು. ಜನರು ತಾವಾಗಿ ಮಕ್ಕಳನ್ನು ಕಳುಹಿಸುವ ದಾರಿ ಇನ್ನೂ ಮುಗಿದಿಲ್ಲ, ಅದು ಮುಗಿಯುವವರೆಗೆ ಒತ್ತಾಯ ಬೇಡ ಎಂದರು ಸರ್ಕಾರದವರು. ಹೊಲದ ಕೆಲಸಕ್ಕೆ, ದನ ಕಾಯುವುದಕ್ಕೆ ಹುಡುಗರು ಸಿಕ್ಕುವುದಿಲ್ಲವೆಂಬ ಅಳುಕು ಜಮೀನುದಾರರಿಗೆ. ಇವೆಲ್ಲಕ್ಕಿಂತ ಗಂಭೀರವಾಗಿ ಕಾಣುವ ಆಕ್ಷೇಪಣೆ ಇನ್ನೊಂದಿತ್ತು. ತರಬೇತಾದ ಉಪಾಧ್ಯಾಯರಿಲ್ಲ, ಸರಿಯಾದ ಕಟ್ಟಡಗಳಿಲ್ಲ. ಇರುವ ಶಾಲೆಗಳನ್ನು ಮೊದಲು ಉತ್ತಮಪಡಿಸೋಣ, ಕೆಟ್ಟ ಶಾಲೆಗಳನ್ನು ಹೆಚ್ಚಿಸುವುದರಿಂದ ಏನು ಲಾಭ ಎಂಬುದು ಅದು.

ಈ ಕಡೆಯ ಮಾತಿಗೆ ಗೋಖಲೆಯವರು ಕೊಟ್ಟ ಉತ್ತರದಲ್ಲಿ ಅವರ ಹಿರಿಮೆಯನ್ನು ನಾನು ಕಾಣುತ್ತೇನೆ. ಅವರೇನು ಗುಣಮಟ್ಟವನ್ನು ಅರಿಯದವರಲ್ಲ. ದೇಶದ ಅತ್ಯುತ್ತಮ ಕಾಲೇಜುಗಳಲ್ಲೊಂದನ್ನು ತಮ್ಮ ಯೌವನದ ಬೆಲೆ ಕೊಟ್ಟು ಕಟ್ಟಿದವರು. ಅಂಥವರು ಹೇಳಿದ್ದು ಇಷ್ಟು: ಮೊದಲು ಅಜ್ಞಾನವು ದೇಶದಿಂದ ತೊಲಗಬೇಕು, ಗುಣದ ಪ್ರಶ್ನೆ ಮಹತ್ವದ್ದೇ, ಆದರೆ ಅದರ ಸರದಿ ಎರಡನೆಯದು. ಬರಿಯ ಓದು ಬರಹ ಲೆಕ್ಕಗಳನ್ನು ಕಲಿತವನ ಬಾಳಿನಲ್ಲಿಯೂ ಕಲಿಯದವನ ಬಾಳಿನಲ್ಲಿಲ್ಲದ ಒಂದು ಬೆಳಕು ಇರುತ್ತದೆಂದು ಅವರು ನಂಬಿದ್ದರು. ನನಗೂ ಅವರ ಪಕ್ಷವೇ ಸರಿಯೆಂದು ತೋರುತ್ತದೆ. ಶಾಲೆ ಚೆನ್ನಾಗಿಲ್ಲವೆಂಬುದು ಶಾಲೆಯನ್ನು ಚೆನ್ನಾಗಿ ಮಾಡುವುದಕ್ಕೆ ಕಾರಣವಾಗಬೇಕೇ ಹೊರತು, ಹೊರಗಿರುವ ಹುಡುಗನನ್ನು ಹೊರಗೇ ನಿಲ್ಲಿಸುವುದಕ್ಕೆ ಕಾರಣವಾಗಬಾರದು. ಗುಣಮಟ್ಟದ ಹೆಸರಿನಲ್ಲಿ ಬಾಗಿಲು ಮುಚ್ಚುವವನ ಸ್ವಂತ ಮಗ ಹೊರಗೆ ನಿಂತಿರುವುದನ್ನು ನಾನಂತೂ ಕಂಡಿಲ್ಲ. ಆದರೆ ಸರದಿ ಎರಡನೆಯದೆಂದರೆ ಬರುವುದೇ ಇಲ್ಲವೆಂದು ಅರ್ಥವಲ್ಲ. ಮಕ್ಕಳನ್ನೆಲ್ಲ ಒಳಗೆ ಕರೆದು, ಎರಡನೆಯ ಸರದಿಯನ್ನು ನಾವು ಬಹು ದೀರ್ಘವಾಗಿ ಮರೆತುಬಿಟ್ಟೆವೆಂದು ಗೋಖಲೆಯವರು ಇಂದು ಇದ್ದಿದ್ದರೆ ಆಯವ್ಯಯದ ಪುಟಗಳನ್ನು ತೆಗೆದು ತೋರಿಸುತ್ತಿದ್ದರೇನೋ.

ಮದನಮೋಹನ ಮಾಲವೀಯರೂ ಮಹಮ್ಮದಾಲಿ ಜಿನ್ನಾ ಅವರೂ ಮಸೂದೆಯ ಪರವಾಗಿ ನಿಂತರು. ಮುಂದೆ ಒಬ್ಬರಿಗೊಬ್ಬರು ಎಷ್ಟು ದೂರವಾದರೆಂಬುದನ್ನು ಬಲ್ಲ ನಮಗೆ ಆ ದಿನದ ಆ ಪಂಕ್ತಿ ಸ್ವಲ್ಪ ನೋವನ್ನೇ ತರುತ್ತದೆ. ಮಸೂದೆಯನ್ನು ವಿಶೇಷ ಸಮಿತಿಗೆ ಒಪ್ಪಿಸಬೇಕೆಂಬ ಸೂಚನೆಗೆ ಮತ ತೆಗೆದಾಗ ಪರವಾಗಿ ಬಿದ್ದವು 13, ವಿರೋಧವಾಗಿ 38. ವಿರೋಧಿಸಿದವರೆಲ್ಲ ಬಿಳಿಯರೆಂದು ತಿಳಿಯಬೇಡಿ. ನಮ್ಮವರಾದ ಕೆಲವು ಸದಸ್ಯರೂ ಆ 38ರಲ್ಲಿ ಸೇರಿದ್ದರು. ಸೋಲುವುದೆಂದು ಗೋಖಲೆಯವರಿಗೆ ಮೊದಲೇ ಗೊತ್ತಿತ್ತು. ತಮ್ಮ ಪೀಳಿಗೆಯು ಸೋಲುಗಳ ಮೂಲಕವೇ ದೇಶಕ್ಕೆ ಸೇವೆ ಸಲ್ಲಿಸಬೇಕಾದ ಪೀಳಿಗೆಯೆಂದು ತಿಳಿದಿದ್ದ ಅವರು ಯಾರನ್ನೂ ನಿಂದಿಸಲಿಲ್ಲ.

ಆ ಮಸೂದೆಯ ಕುಂದುಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಹುಡುಗಿಯರನ್ನು ಮುಂದಿನ ಕಾಲಕ್ಕೆಂದು ಬಿಟ್ಟದ್ದು ದೊಡ್ಡ ಕುಂದು. ಒಂದು ಮನೆಯ ಹುಡುಗನನ್ನು ಕರೆದು ಅವನ ಅಕ್ಕನನ್ನು ಬಿಟ್ಟರೆ, ಗೋವಿಂದರಾಯರ ಕತೆ ಹೆಣ್ಣಿನ ರೂಪದಲ್ಲಿ ಮುಂದುವರಿಯುತ್ತದೆ, ಮುಂದುವರಿಯಿತು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ವಿಷಯ ಇನ್ನೊಂದು. ಶಾಲೆಯ ಜಗಲಿಯಾಚೆ ಕುಳಿತ ಮಗುವಿಗೆ ಹಾಜರಿ ಪಟ್ಟಿಯಲ್ಲಿ ಹೆಸರು ಸೇರಿದರೆ ಮುಗಿಯಿತೆ? ಈ ಪ್ರಶ್ನೆ ಗೋಖಲೆಯವರಿಗೆ ಹೊಳೆದಿರಲಿಲ್ಲವೆನ್ನುವಂತಿಲ್ಲ. 1903ರ ಏಪ್ರಿಲಿನಲ್ಲಿ ಅವರು ನಮ್ಮ ಧಾರವಾಡಕ್ಕೆ ಸಾಮಾಜಿಕ ಪರಿಷತ್ತಿಗಾಗಿ ಬಂದಿದ್ದರು. ದಲಿತ ವರ್ಗಗಳ ಉದ್ಧಾರದ ನಿರ್ಣಯವನ್ನು ಮಂಡಿಸಿ, ಅವರನ್ನು ಮುಟ್ಟದೆ ದೂರವಿಡುವ ನಮ್ಮ ನಡತೆ ನ್ಯಾಯಕ್ಕೂ ಮಾನವೀಯತೆಗೂ ಸಲ್ಲದೆಂದು ಅಲ್ಲಿ ನೆರೆದವರ ಎದುರಿಗೇ ಹೇಳಿದರು. ಆದರೆ ಆ ಕೆಲಸವನ್ನು ಅವರಿಗಿಂತ ದೂರ ಒಯ್ದವರು ಬೇರೆಯವರು.

ಸೋತ ಮಸೂದೆ ಸತ್ತು ಹೋಗಲಿಲ್ಲ. 1911ರ ಡಿಸೆಂಬರಿನ ದಿಲ್ಲಿ ದರ್ಬಾರಿನಲ್ಲಿಯೇ ವಿದ್ಯಾಭ್ಯಾಸಕ್ಕೆ 50 ಲಕ್ಷ ರೂಪಾಯಿಗಳ ಅನುದಾನ ಘೋಷಿತವಾಗಿತ್ತು; 1913ರ ಫೆಬ್ರುವರಿಯಲ್ಲಿ ಸರ್ಕಾರ ಕಡ್ಡಾಯವೊಂದನ್ನು ಬಿಟ್ಟು ಶಾಲೆಗಳನ್ನು ಹೆಚ್ಚಿಸುವ ಹೊಸ ನಿರ್ಣಯ ಹೊರಡಿಸಿತು. ಅದೇ 1913ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯನ್ನು ಮಾಡಿ, ಆಯ್ದ ಸ್ಥಳಗಳಲ್ಲಿ ಕಡ್ಡಾಯವನ್ನು ತರಲು ದಾರಿ ತೆರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಮುಂಬಯಿ ಸರ್ಕಾರದ ಇಂಜಿನಿಯರಾಗಿ ಪುಣೆಯಲ್ಲಿದ್ದ ಕಾಲದಲ್ಲಿ ವಿಶ್ವೇಶ್ವರಯ್ಯನವರಿಗೆ ರಾನಡೆ, ಗೋಖಲೆಯವರ ಒಡನಾಟವಿತ್ತು. 1918ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವಿಠ್ಠಲಭಾಯಿ ಪಟೇಲರು ತಂದ ಕಾನೂನು ಅಂಗೀಕೃತವಾಯಿತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಪುರಸಭೆಗಳಿಗೂ ಅದು ಅನ್ವಯಿಸುತ್ತಿತ್ತು. ಮುಂದಿನ ಎರಡು ವರ್ಷಗಳಲ್ಲಿ ಮದ್ರಾಸು, ಪಂಜಾಬು, ಬಂಗಾಳ ಮೊದಲಾದ ಪ್ರಾಂತಗಳಲ್ಲಿಯೂ ಇಂಥ ಕಾನೂನುಗಳಾದವು. 1950ರ ಸಂವಿಧಾನವು 14 ವರ್ಷದವರೆಗಿನ ಮಕ್ಕಳಿಗೆಲ್ಲ ಉಚಿತ ಕಡ್ಡಾಯ ವಿದ್ಯೆಯನ್ನು 10 ವರ್ಷದೊಳಗೆ ಒದಗಿಸಲು ಯತ್ನಿಸಬೇಕೆಂದು ನಿರ್ದೇಶಿಸಿತು. ಆ 10 ವರ್ಷ 1960ಕ್ಕೆ ಮುಗಿಯಿತು, ಕೆಲಸ ಮುಗಿಯಲಿಲ್ಲ. 2002ರಲ್ಲಿ ಸಂವಿಧಾನದ 86ನೆಯ ತಿದ್ದುಪಡಿ ಅದನ್ನು ಮೂಲಭೂತ ಹಕ್ಕೆಂದು ಸಾರಿತು. 2009ರಲ್ಲಿ ಸಂಸತ್ತು ಮಾಡಿದ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಗೋಖಲೆಯವರು ಮಸೂದೆ ಮಂಡಿಸಿದ ದಿನದಿಂದ ಎಣಿಸಿದರೆ 99 ವರ್ಷ. ಅದರಲ್ಲಿಯೂ 6ರಿಂದ 14ರವರೆಗೆ ಮಾತ್ರ ಹಕ್ಕು. ಹದಿನೈದನೆಯ ವರ್ಷದಿಂದ ಮತ್ತೆ ಮನೆಯ ಲೆಕ್ಕವೇ ಲೆಕ್ಕ. ನಮ್ಮ ಕಾಲೇಜಿಗೆ ಬರುವವರ ಅಕ್ಕ ಅಣ್ಣಂದಿರು ಬಹಳ ಮಂದಿ ಓದು ಬಿಟ್ಟುದು ಆ ವಯಸ್ಸಿನಲ್ಲಿಯೇ.

ಗೋಖಲೆಯವರು ಆ ಸೋಲಿನ ಅನಂತರ ಮೂರು ವರ್ಷ ಬದುಕಿದ್ದರು. ಮಧುಮೇಹ ಅವರನ್ನು ತಿನ್ನುತ್ತಿತ್ತು. ಆದರೂ 1912ರ ಕೊನೆಯಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ ಗಾಂಧಿಯವರೊಡನೆ ಸುತ್ತಾಡಿದರು. ಸರ್ಕಾರಿ ನೌಕರಿಗಳ ಆಯೋಗದಲ್ಲಿ ಸದಸ್ಯರಾಗಿ ದುಡಿದರು. ಬಂದ ಸರ್ ಪದವಿಯನ್ನು ಬೇಡವೆಂದರು. 1915ರ ಫೆಬ್ರುವರಿ 19ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ 49 ತುಂಬಿರಲಿಲ್ಲ.

ಕನ್ನಡನಾಡಿನಲ್ಲಿ ಅವರ ಹೆಸರು ಎರಡು ಕಡೆ ಉಳಿದಿದೆ. ಬೆಂಗಳೂರಿನಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಬಹು ಜನ ಬಲ್ಲರು. ಇನ್ನೊಂದು ಉತ್ತರ ಕನ್ನಡದ ಅಂಕೋಲೆಯಲ್ಲಿದೆ. ಚುಟುಕಗಳ ಕವಿಯೆಂದು ನಾವು ಓದುವ ದಿನಕರ ದೇಸಾಯಿಯವರು ಗೋಖಲೆಯವರ ಭಾರತ ಸೇವಕ ಸಂಘದ ಸದಸ್ಯರು. ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ, ಹೈಸ್ಕೂಲಿನ ಮುಖ ಕಾಣದ ಆ ಜಿಲ್ಲೆಯ ಊರುಗಳಲ್ಲಿ ಜನತಾ ವಿದ್ಯಾಲಯಗಳೆಂಬ ಶಾಲೆಗಳನ್ನು ಒಂದೊಂದಾಗಿ ತೆರೆದರು. ಕಾಲೇಜು ಬಂದದ್ದು ಆಮೇಲೆ, 1966ರಲ್ಲಿ. ಗೋಖಲೆಯವರು ಹುಟ್ಟಿ ಅಂದಿಗೆ ನೂರು ವರ್ಷ ತುಂಬಿತ್ತು. ಕಾಲೇಜಿಗೆ ಗೋಖಲೆ ಶತಾಬ್ದಿ ಮಹಾವಿದ್ಯಾಲಯವೆಂದು ಹೆಸರಿಟ್ಟರು.